1964ರ ಕಾರು ಸರಿ, ಎಂಜಿನ್ ಯಾವ ವರ್ಷದ್ದು?

ಹೋದ ತಿಂಗಳು ಟಿಳಕವಾಡಿಯ ಕಾಕಾ ಒಬ್ಬರು ಬೆಳಗಾವಿ ಉದ್ಯಮಬಾಗದ ನಮ್ಮ ವರ್ಕ್‌ಶಾಪಿಗೆ ಬಂದಿದ್ದರು. ಅವರ ಅಂಬಾಸಿಡರ್ ಎಂಜಿನ್ನಿಗೆ ನಾನೇ ಎರಡು ಸಲ ಬೋರಿಂಗ್ ಮಾಡಿಕೊಟ್ಟಿದ್ದೇನೆ. ಈ ಸಲ ಕೈಯಲ್ಲಿ ಬರೀ ಮೊಬೈಲ್ ಇತ್ತು.

"ಮಗ ಕ್ಯಾಲಿಫೋರ್ನಿಯಾದಾಗ ಹಳೇ ಸ್ಪೋರ್ಟ್ಸ್ ಕಾರ್ ತಗೋತೀನಿ ಅಂತಾನ್ರಿ. ಎರಡು ನೋಡಿ ಇಟ್ಟಾನ. ಯಾವ್ದು ತಗೋ ಅನ್ಲಿ?"

ಎರಡೂ ಎಂಜಿಬಿ, ಅಂದರೆ ಬ್ರಿಟನ್ನಿನ ಎಂಜಿ ಕಂಪನಿಯ ಹಳೆ ಸ್ಪೋರ್ಟ್ಸ್ ಕಾರು. ಒಂದು 1964ರದ್ದು, ಇನ್ನೊಂದು 1977ರದ್ದು. ಫೋಟೋದಲ್ಲಿ ಎರಡೂ ಮಿಂಚುತ್ತಿದ್ದವು. ಎರಡಕ್ಕೂ 1798 ಸಿಸಿ ಎಂದೇ ಬರೆದಿತ್ತು. ಕೊಳ್ಳುವವರು ತಪ್ಪುವುದು ಇಲ್ಲೇ. 1962ರಿಂದ 1980ರವರೆಗೆ ಸಿಸಿ ಬದಲಾಗಲಿಲ್ಲ, ಎಂಜಿನ್ ಒಳಗೆ ಮಾತ್ರ ಬಹಳ ಬದಲಾಯಿತು.

ಈ ಎಂಜಿನ್ ನಮಗೇನೂ ಹೊಸದಲ್ಲ. ನಮ್ಮ ಹಳೆ ಅಂಬಾಸಿಡರಿನ 1489 ಸಿಸಿ ಪೆಟ್ರೋಲ್ ಎಂಜಿನ್ನಿನ ಅಣ್ಣ ಇದು. ಎರಡೂ ಬಿಎಂಸಿ ಅನ್ನುವ ಬ್ರಿಟಿಷ್ ಕಂಪನಿಯ ಬಿ-ಸೀರೀಸ್ ಎಂಜಿನ್. ಸ್ಟ್ರೋಕ್, ಅಂದರೆ ಪಿಸ್ಟನ್ ಮೇಲೆ ಕೆಳಗೆ ಓಡುವ ದೂರ, ಎರಡರಲ್ಲೂ 88.9 ಮಿ.ಮೀ. ಬೋರ್, ಅಂದರೆ ಸಿಲಿಂಡರಿನ ಅಗಲ, 73ರಿಂದ 80.26ಕ್ಕೆ ಹೋಯಿತು, ಅಷ್ಟೇ.

ಮೇಜಿನ ಮೇಲೆ ಅಂಬಾಸಿಡರಿನ ಕ್ರ್ಯಾಂಕ್ ಒಂದಿತ್ತು, ಪಿಸ್ಟನ್‌ಗಳು ತಿರುಗಿಸುವ ಶಾಫ್ಟ್. ಕಾಕಾಗೆ ಅದನ್ನೇ ತೋರಿಸಿದೆ. ನಾಲ್ಕು ಪಿಸ್ಟನ್, ಶಾಫ್ಟನ್ನು ಹಿಡಿದುಕೊಳ್ಳಲು ಮೂರೇ ಮೇನ್ ಬೇರಿಂಗ್. ಮುಂದೊಂದು, ನಡುವೊಂದು, ಹಿಂದೊಂದು. ಎರಡು ಬೇರಿಂಗ್‌ಗಳ ನಡುವೆ ಪಿಸ್ಟನ್‌ಗೆ ಜೋಡಿಸಿದ ಎರಡೆರಡು ಕನೆಕ್ಟಿಂಗ್ ರಾಡ್ ತೂಗುತ್ತವೆ. ಎಂಜಿನ್ ಜೋರಾಗಿ ತಿರುಗಿದಾಗ ಶಾಫ್ಟ್ ಕೂದಲೆಳೆಯಷ್ಟು ಬಾಗುತ್ತದೆ. ಪೆಟ್ಟು ಜಾಸ್ತಿ ನಡುವಿನ ಜರ್ನಲ್‌ಗೆ, ಅಂದರೆ ಶಾಫ್ಟ್ ಬೇರಿಂಗಿನೊಳಗೆ ಕೂರುವ ಭಾಗಕ್ಕೆ. ಅದರ ಮೇಲೆ ಉಗುರು ಎಳೆಸಿದೆ. ಗೀರು ಉಗುರಿಗೆ ಸಿಕ್ಕಿತು. "ಹೌದ್ರಿ, ತಾಗ್ತದ" ಎಂದರು.

ಎಂಜಿಬಿಯ ಮೊದಲ ಎಂಜಿನ್‌ಗಳೂ ಹೀಗೇ ಮೂರು ಬೇರಿಂಗಿನವು. ಎಂಜಿನ್ ನಂಬರ್ 18ಜಿ ಅಥವಾ 18ಜಿಎ ಎಂದು ಶುರುವಾಗುತ್ತದೆ. 1964ರ ಅಕ್ಟೋಬರ್‌ನಲ್ಲಿ 18ಜಿಬಿ ಬಂತು. ಅದಕ್ಕೆ ಐದು ಮೇನ್ ಬೇರಿಂಗ್. ಹಿಂದುಗಡೆ ಆಯಿಲ್ ತಡೆಯಲು ಸರಿಯಾದ ಸೀಲ್ ಕೂಡ ಬಂತು. ಮೂರು ಬೇರಿಂಗಿನದರಲ್ಲಿ ಸೀಲ್ ಇಲ್ಲ, ಶಾಫ್ಟಿನ ಮೇಲಿನ ತಿರುಪು ಗೆರೆಗಳೇ ಆಯಿಲನ್ನು ಒಳಗೆ ದಬ್ಬಬೇಕು. ಅಂಬಾಸಿಡರ್ ನಿಲ್ಲಿಸಿದಲ್ಲಿ ಆಯಿಲ್ ಹನಿ ಬಿದ್ದದ್ದು ಎಲ್ಲರೂ ನೋಡಿದ್ದೀರಿ ಅಲ್ವಾ?

ಹಾಗಂತ ಮೂರು ಬೇರಿಂಗಿನದು ಕೆಟ್ಟ ಎಂಜಿನ್ ಅಲ್ಲ. ತಿಕ್ಕಾಟ ಕಡಿಮೆ, ಆಕ್ಸಿಲರೇಟರ್ ಒತ್ತಿದರೆ ಹಗುರಾಗಿ ಏರುತ್ತದೆ. ಭಾನುವಾರ ಊರ ಸುತ್ತ ಓಡಿಸುವವರಿಗೆ ನಾನು ಬೇಡ ಅನ್ನಲಾರೆ. ಹೈವೇ ಮೇಲೆ ಗಂಟೆಗಟ್ಟಲೆ ಓಡಿಸುವುದಾದರೆ ನನ್ನ ಮತ ಐದು ಬೇರಿಂಗಿಗೇ.

1977ರ ಕಾರಿಗೂ ಐದು ಬೇರಿಂಗೇ. ಅದರ ತೊಂದರೆ ಮೇಲ್ಭಾಗದಲ್ಲಿದೆ. ಅಮೆರಿಕದ ಹೊಗೆ ನಿಯಮಕ್ಕಾಗಿ 1972ರಲ್ಲಿ ಕಂಪ್ರೆಷನ್ ಅನ್ನು, ಅಂದರೆ ಪಿಸ್ಟನ್ ಪೆಟ್ರೋಲ್-ಗಾಳಿಯನ್ನು ಎಷ್ಟು ಪಟ್ಟು ಒತ್ತುತ್ತದೆ ಅನ್ನುವುದನ್ನು, 8.8ರಿಂದ 8ಕ್ಕೆ ಇಳಿಸಿದರು. 1975ರ ಮಾಡೆಲ್‌ಗೆ ಎಸ್‌ಯು ಕಂಪನಿಯ ಎರಡು ಕಾರ್ಬುರೇಟರ್ ತೆಗೆದು ಸ್ಟ್ರಾಂಬರ್ಗ್ ಅನ್ನುವ ಒಂದೇ ಕಾರ್ಬುರೇಟರ್ ಕೂರಿಸಿದರು. 95 ಎಚ್‌ಪಿ ಇದ್ದದ್ದು 65ರ ಸುತ್ತಮುತ್ತ ಬಂತು. ಪವರ್ ಅಳೆಯುವ ರೀತಿಯೂ ನಡುವೆ ಬದಲಾಗಿದೆ, ಹಾಗಾಗಿ ಪೂರ್ತಿ 30 ಎಚ್‌ಪಿ ಹೋಯಿತು ಅನ್ನಲು ಬರುವುದಿಲ್ಲ. ಆದರೂ ಓಡಿಸಿದರೆ ಗೊತ್ತಾಗುವಷ್ಟು ಹೋಗಿದೆ. ದಪ್ಪ ರಬ್ಬರ್ ಬಂಪರಿನ ಭಾರ ಬೇರೆ.

"ಹಳೇ ಕಾರ್ಬುರೇಟರ್ ಹಾಕ್ಸಿದ್ರಾತಲ್ಲ?" ಎಂದರು ಕಾಕಾ. ಬೆಳಗಾವಿಯಲ್ಲಾಗಿದ್ದರೆ ನಾನೂ ಹಾಗೇ ಯೋಚಿಸುತ್ತಿದ್ದೆ. ಆದರೆ ಕ್ಯಾಲಿಫೋರ್ನಿಯಾದಲ್ಲಿ ಹೊಗೆ ಪರೀಕ್ಷೆಯಿಂದ ವಿನಾಯಿತಿ ಇರುವುದು 1975 ಮತ್ತು ಅದಕ್ಕಿಂತ ಹಳೆಯ ಪೆಟ್ರೋಲ್ ಕಾರುಗಳಿಗೆ. 1977ರದ್ದು ಪರೀಕ್ಷೆ ಪಾಸಾಗಲೇಬೇಕು. ಅಂದರೆ ಆ ಒಂದೇ ಕಾರ್ಬುರೇಟರ್ ಜೊತೆಯೇ ಬಾಳಬೇಕು.

ಹಾಗಾದರೆ 1964ರದ್ದೇ? ಅದರ ಕೋಲ್ಡ್ ಸ್ಟಾರ್ಟ್ ವಿಡಿಯೋ ಹಾಕಿದರು. ಸದ್ದು ಚೆನ್ನಾಗಿತ್ತು. ಆದರೆ ಎಂಜಿನ್ ಓಡುತ್ತಿದ್ದರೂ ಆರ್‌ಪಿಎಂ ಮೀಟರಿನ ಮುಳ್ಳು ಸೊನ್ನೆಯಲ್ಲೇ ಕೂತಿತ್ತು. ಮೂರು ಬೇರಿಂಗಿನ ಕಾರಿನಲ್ಲಿ ಆ ಮೀಟರನ್ನು ಎಂಜಿನ್ನಿನಿಂದ ಬರುವ ಕೇಬಲ್ ತಿರುಗಿಸುತ್ತದೆ. 18ಜಿಬಿಯಿಂದ ಅದು ಕರೆಂಟಿನದಾಯಿತು, ಕೇಬಲ್ ಹೋಯಿತು. ಕೇಬಲ್ ತುಂಡಾಗಿದ್ದರೂ ಮುಳ್ಳು ಏಳುವುದಿಲ್ಲ, ನಿಜ. ಆದರೂ ಅನುಮಾನ ಬಂತು. ಎಂಜಿನ್ನಿನ ಬಲಬದಿಯ ನಂಬರ್ ಪ್ಲೇಟಿನ ಫೋಟೋ ತರಿಸಿ ಎಂದೆ. ಮರುದಿನ ಬಂತು. 18ಜಿಬಿ.

ಅಕ್ಟೋಬರ್‌ಗೂ ಮೊದಲಿನ, ಮೂರು ಬೇರಿಂಗಿನ ಕಾರಿಗೆ ಯಾರೋ ಯಾವಾಗಲೋ ಐದು ಬೇರಿಂಗಿನ ಎಂಜಿನ್ ಇಳಿಸಿದ್ದರು. ಓಡಿಸಲು ಇದು ಲಾಭವೇ. ಆದರೆ ಮಾರುವವ ಕೇಳುತ್ತಿದ್ದದ್ದು "ಎಲ್ಲಾ ಫ್ಯಾಕ್ಟರಿಯದ್ದೇ" ಅನ್ನುವ ಕಾರಿನ ರೇಟು. ಅಷ್ಟು ಕೊಡಬಾರದು ಎಂದು ಖಡಾಖಂಡಿತ ಹೇಳಿದೆ. ಜೊತೆಗೆ ನಾಲ್ಕೂ ಸಿಲಿಂಡರಿನ ಕಂಪ್ರೆಷನ್ ಒತ್ತಡ ಎಷ್ಟೆಂದು ಕೇಳಿ, ಅರ್ಧ ಗಂಟೆ ಓಡಿಸಿ ಬಿಸಿಯಾದ ಮೇಲೆ ಆಯಿಲ್ ಪ್ರೆಷರ್ ನೋಡಿ ಎಂದೆ. ಓಡುವಾಗ 50 ಪಿಎಸ್‌ಐಗಿಂತ (ಒತ್ತಡದ ಅಳತೆ) ಕೆಳಗಿದ್ದರೆ ಬೇರಿಂಗ್ ಸವೆದಿರಬಹುದು, ಆ ಕೆಲಸದ ಖರ್ಚನ್ನೂ ರೇಟಿನಲ್ಲಿ ಮುರಿಯಬೇಕು. ತಣ್ಣಗಿರುವಾಗಿನ ಮೀಟರನ್ನು ಸುಮ್ನೆ ನಂಬಬೇಡಿ, ಆಯಿಲ್ ಗಟ್ಟಿ ಇದ್ದಾಗ ಸವೆದ ಎಂಜಿನ್ನೂ ಚೆನ್ನಾಗಿಯೇ ತೋರಿಸುತ್ತದೆ.

ಮಗ ಮುಂದಿನ ಶನಿವಾರ ಕಾರು ಬಿಸಿ ಮಾಡಿ ನೋಡಲು ಹೋಗುತ್ತಾನಂತೆ. ಆಯಿಲ್ ಪ್ರೆಷರಿನ ಫೋಟೋ ನೇರ ನನ್ನ ಮೊಬೈಲಿಗೇ ಕಳಿಸಲು ಹೇಳಿದ್ದೇನೆ.