ಗಡಿನಾಡ ಠಾಣೇದಾರನನ್ನು ಆಡುವುದು ಹೇಗೆ?

ಮೇಜಿನ ಸುತ್ತ ಕೂತು ದಾಳ ಉರುಳಿಸುತ್ತಾ ಒಂದೊಂದು ಪಾತ್ರವಾಗಿ ಆಡುವ ಫ್ಯಾಂಟಸಿ ಟೇಬಲ್‌ಟಾಪ್ ಆಟಗಳಲ್ಲಿ ಕಾನೂನು ಕಾಯುವ ಪಾತ್ರ ಅಂದರೆ ಹಲವರಿಗೆ ಬೇಜಾರು. ಪಾರ್ಟಿಯಲ್ಲಿರುವ, ಅಂದರೆ ಜೊತೆಗಾರರ ಗುಂಪಿನಲ್ಲಿರುವ, ಕಳ್ಳನಿಗೆ ಬುದ್ಧಿ ಹೇಳುತ್ತಾ ಕೂರುತ್ತಾನೆ, ಆಟ ಮುಂದಕ್ಕೆ ಹೋಗುವುದಿಲ್ಲ ಅನ್ನುವ ದೂರು. ಆದರೆ ಅದೇ ಪಾತ್ರವನ್ನು ಪಟ್ಟಣದಿಂದ ಎತ್ತಿ ಗಡಿನಾಡಿಗೆ ಹಾಕಿ ನೋಡಿ. ಪಟ್ಟಣದ ಕಾವಲುಗಾರ ಕೂಗಿದರೆ ಹತ್ತು ಜನ ಓಡಿ ಬರುತ್ತಾರೆ. ಜೈಲಿದೆ, ನ್ಯಾಯಾಧೀಶರಿದ್ದಾರೆ. ಗಡಿಯ ಠಾಣೇದಾರನಿಗೆ ಇದ್ಯಾವುದೂ ಕೈಗೆ ಸಿಗುವಷ್ಟು ಹತ್ತಿರ ಇಲ್ಲ. ಯಾರನ್ನು ಹಿಡಿಯಬೇಕು, ಹಿಡಿದ ಮೇಲೆ ಏನು ಮಾಡಬೇಕು, ಎಲ್ಲ ಅವನ ತಲೆ ಮೇಲೆ. ಅವನಿಂದ ಏನೇನು ಆಗುವುದಿಲ್ಲ ಅನ್ನುವುದರಲ್ಲೇ ಈ ಪಾತ್ರದ ರುಚಿ ಇದೆ ಅಂತ ನನ್ನ ನಂಬಿಕೆ.

ಕೆಳಗೆ ಲೆಕ್ಕ ಬಂದಲ್ಲೆಲ್ಲ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ 5ನೇ ಆವೃತ್ತಿಯ 2014ರ ನಿಯಮಗಳನ್ನು ಹಿಡಿದಿದ್ದೇನೆ. ಬೇರೆ ಆಟ ಆಡುವವರು ಅಂಕಿ ಬದಲಿಸಿಕೊಂಡರೆ ಸಾಕು.

ಕ್ಲಾಸ್ ಬಗ್ಗೆ ಎರಡು ಮಾತು

ಕ್ಲಾಸ್ ಅಂದರೆ ಪಾತ್ರದ ಕಸುಬು. ಇದಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಫೈಟರ್, ರೇಂಜರ್, ಪ್ಯಾಲಡಿನ್ ಮೂರೂ ನಡೆಯುತ್ತವೆ. ಕಳ್ಳರ ಕ್ಲಾಸ್ ಆದ ರೋಗ್ ಇನ್ನೂ ಚೆನ್ನ. ಇನ್‌ಸೈಟ್ (ಮನಸ್ಸು ಓದುವುದು), ಇನ್ವೆಸ್ಟಿಗೇಶನ್ (ತನಿಖೆ), ಪರ್ಸ್ವೇಶನ್ (ಮನವೊಲಿಕೆ) ಎಲ್ಲವೂ ರೋಗ್ ಆಯ್ಕೆಪಟ್ಟಿಯಲ್ಲಿವೆ, ಮೊದಲ ಲೆವೆಲ್‌ನಲ್ಲೇ ಎಕ್ಸ್‌ಪರ್ಟೀಸ್ (ಆಯ್ದ ಕೌಶಲಗಳಲ್ಲಿ ಹೆಚ್ಚಿನ ಪರಿಣತಿ) ಸಿಗುತ್ತದೆ. ಯಾವುದನ್ನೇ ತೆಗೆದುಕೊಂಡರೂ ವಿಸ್ಡಮ್ (ಇನ್‌ಸೈಟ್ ನಿಂತಿರುವುದು ಇದರ ಮೇಲೆ) ಮತ್ತು ಅಥ್ಲೆಟಿಕ್ಸ್ (ಮೈಬಲದ ಕೌಶಲ) ಕಡೆ ಗಮನ ಕೊಡಿ. ಅಥ್ಲೆಟಿಕ್ಸ್ ಯಾಕೆ ಅನ್ನೋದು ಮುಂದೆ ಬರುತ್ತದೆ.

ಯಾರ ಕಾನೂನು, ಎಲ್ಲಿಯವರೆಗೆ?

ಪಾತ್ರ ಬರೆಯುವಾಗ ಮೊದಲು ಉತ್ತರಿಸಬೇಕಾದ ಪ್ರಶ್ನೆ ಇದು. "ಲಾಫುಲ್ ಗುಡ್" (ಕಾನೂನು ಪಾಲಿಸುವ ಸಜ್ಜನ) ಅಂತ ಬರೆದುಬಿಟ್ಟರೆ ಉತ್ತರ ಆಗುವುದಿಲ್ಲ. ನಿಮ್ಮ ಠಾಣೇದಾರನಿಗೆ ಅಧಿಕಾರ ಕೊಟ್ಟವರು ಯಾರು? ಆ ಅಧಿಕಾರ ಎಲ್ಲಿಗೆ ಮುಗಿಯುತ್ತದೆ? ನದಿಯ ಆಚೆಗೆ ಕಳ್ಳ ಹೋದರೆ ಅಟ್ಟಿಸಿಕೊಂಡು ಹೋಗಬಹುದಾ?

ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ ಗಡಿಯ ಇತಿಹಾಸ ಇಲ್ಲಿ ತುಂಬಾ ಉಪಯೋಗಕ್ಕೆ ಬರುತ್ತದೆ. 1249ರಲ್ಲಿ ಎರಡೂ ಕಡೆಯವರು ಕೂತು ಗಡಿ ಕಾನೂನನ್ನು ಬರೆದಿಟ್ಟರು. ಮುಂದೆ ಗಡಿಯ ಎರಡೂ ಬದಿಯಲ್ಲಿ ಪೂರ್ವ, ಮಧ್ಯ, ಪಶ್ಚಿಮ ಎಂದು ಮೂರು ಮೂರು ಸೀಮೆಗಳಾದವು. ಅವುಗಳನ್ನು ನೋಡಿಕೊಳ್ಳಲು ವಾರ್ಡನ್‌ಗಳು ಇದ್ದರು. ದನ ಕದ್ದವರು ಗಡಿ ದಾಟಿದರೂ ಆರು ದಿನದೊಳಗೆ ಅವರನ್ನು ಬೆನ್ನಟ್ಟಿ ಆಚೆಗೆ ಹೋಗುವ ಹಕ್ಕು ದನ ಕಳೆದುಕೊಂಡವರಿಗೆ ಇತ್ತು. ಕೂಡಲೇ ಹೊರಟರೆ ಅದಕ್ಕೆ ಹಾಟ್ ಟ್ರಾಡ್ ಅಂತ ಹೆಸರು. ಆದರೆ ಕದ್ದುಮುಚ್ಚಿ ಹೋಗುವಂತಿಲ್ಲ. ಬೇಟೆನಾಯಿ, ಕಹಳೆ, ಭರ್ಜಿಯ ತುದಿಯಲ್ಲಿ ಉರಿಯುವ ಪೀಟ್ (ಒಣಗಿದ ಜೌಗುಮಣ್ಣಿನ ಉರುವಲು) ತುಂಡು: ನಾವು ಕಾನೂನಿನ ಕೆಲಸಕ್ಕೆ ಬಂದಿದ್ದೇವೆ ಅಂತ ಎಲ್ಲರಿಗೂ ಗೊತ್ತಾಗಬೇಕು.

ಇದನ್ನು ಆಟಕ್ಕೆ ತಂದು ನೋಡಿ. ಆರು ದಿನ ಅಂದ ಕೂಡಲೇ ಪ್ರತಿ ಲಾಂಗ್ ರೆಸ್ಟ್‌ಗೂ (ರಾತ್ರಿಯ ಪೂರ್ತಿ ವಿಶ್ರಾಂತಿ) ಬೆಲೆ ಬರುತ್ತದೆ. ಬೆಂಕಿ ಹಿಡಿದು ಹೋಗಬೇಕು ಅಂದರೆ ಸ್ಟೆಲ್ತ್ (ಅಡಗಿ ಸಾಗುವುದು) ಕೈಬಿಟ್ಟ ಹಾಗೆ. ರೋಗ್ ಗೆಳೆಯ "ಆ ಬೆಂಕಿ ಆರಿಸು ಮಾರಾಯ" ಅಂದಾಗ ನಿಮ್ಮ ಠಾಣೇದಾರ ಏನು ಮಾಡುತ್ತಾನೆ? ಆರಿಸಿದರೆ ಕಳ್ಳ ಸಿಗಬಹುದು, ಆದರೆ ಆಚೆಯವರ ಕಣ್ಣಿಗೆ ಇವನೂ ದರೋಡೆಕೋರನೇ. ಒಂದು ಹಕ್ಕಿನ ಜೊತೆ ಒಂದು ಕಟ್ಟುಪಾಡು ಕೊಟ್ಟರೆ ಇಡೀ ಸೆಷನ್ ತಾನಾಗಿ ನಡೆಯುತ್ತದೆ.

ಅದೇ ಗಡಿಯಲ್ಲಿ 1596ರಲ್ಲಿ ನಡೆದದ್ದು ಇನ್ನೂ ದೊಡ್ಡ ಪಾಠ. ಎರಡೂ ಕಡೆಯ ಅಧಿಕಾರಿಗಳು ಸೇರುವ ಶಾಂತಿಯ ದಿನದಂದು ಬಂದವರನ್ನು ಮುಟ್ಟುವಂತಿರಲಿಲ್ಲ. ಆದರೂ ಕಿನ್ಮಾಂಟ್‌ನ ವಿಲಿಯಂ ಆರ್ಮ್‌ಸ್ಟ್ರಾಂಗ್ ಎಂಬ ಹೆಸರುವಾಸಿ ಸ್ಕಾಟಿಷ್ ದರೋಡೆಕೋರ ಅಲ್ಲಿಂದ ವಾಪಸ್ ಹೋಗುವಾಗ ಇಂಗ್ಲಿಷರು ಹಿಡಿದು ಕಾರ್ಲೈಲ್ ಕೋಟೆಯಲ್ಲಿಟ್ಟರು. ಸ್ಕಾಟಿಷ್ ಕಡೆ ಲಿಡ್ಸ್‌ಡೇಲ್‌ನ ಕಾನೂನು ಕಾಯುತ್ತಿದ್ದ ಬಕ್ಲೂನ ವಾಲ್ಟರ್ ಸ್ಕಾಟ್, ರಾತ್ರೋರಾತ್ರಿ ಕೋಟೆಗೆ ನುಗ್ಗಿ ಅವನನ್ನು ಬಿಡಿಸಿಕೊಂಡು ಹೋದ. ದರೋಡೆಕೋರ ತಪ್ಪಿತಸ್ಥನೇ. ಆದರೆ ಅವನನ್ನು ಹಿಡಿದ ರೀತಿ ಕಾನೂನುಬಾಹಿರ. ಬಿಡಿಸಿದ್ದೂ ಕಾನೂನುಬಾಹಿರ, ಬಿಡಿಸಿದವನೋ ಕಾನೂನಿನ ಅಧಿಕಾರಿ! ನಿಮ್ಮ ಠಾಣೇದಾರ ಇದರಲ್ಲಿ ಯಾರ ಪಕ್ಕ ನಿಲ್ಲುತ್ತಾನೆ ಅಂತ ಬರೆದುಕೊಳ್ಳಿ. ಅರ್ಧ ಪಾತ್ರ ಅಲ್ಲೇ ಸಿದ್ಧ.

ಹಿಡಿಯುವುದು ಸುಲಭ, ಸಾಗಿಸುವುದು ಕಷ್ಟ

ಒಂದು ಸಂದರ್ಭ ತೆಗೆದುಕೊಳ್ಳೋಣ. ಕುದುರೆ ಕದ್ದ ಹುಡುಗ ಕೊಟ್ಟಿಗೆಯಲ್ಲಿ ಅಡಗಿದ್ದಾನೆ. ನ್ಯಾಯಾಧೀಶರು ನಾಲ್ಕು ದಿನದ ದಾರಿ ದೂರ.

ಜೀವಂತ ಹಿಡಿಯಬೇಕು ಅಂದರೆ ನೆನಪಿಡಿ: ಹಿಟ್ ಪಾಯಿಂಟ್ (ಜೀವಬಲದ ಅಂಕಿ) ಸೊನ್ನೆಗೆ ಇಳಿಸುವಾಗ ಕೊಲ್ಲದೆ ಪ್ರಜ್ಞೆ ತಪ್ಪಿಸುವ ಆಯ್ಕೆ ಕೈಯಳತೆಯ ಹೊಡೆತಕ್ಕೆ ಮಾತ್ರ. ಬಿಲ್ಲಿನ ಬಾಣಕ್ಕೆ ಆ ಆಯ್ಕೆ ಇಲ್ಲ. ಹಾಗಾಗಿ ಬಿಲ್ಲನ್ನೇ ನಂಬಿದ ರೇಂಜರ್ ಕೊನೆಯ ಗಳಿಗೆಯಲ್ಲಿ ಹತ್ತಿರ ಹೋಗಲೇಬೇಕು. ಗಾಯ ಮಾಡದೆ ಹಿಡಿಯಬೇಕಾದರೆ ಗ್ರ್ಯಾಪಲ್ (ಬಿಗಿಯಾಗಿ ಹಿಡಿದುಕೊಳ್ಳುವುದು) ಇದೆ. ನಿಮ್ಮ ಅಥ್ಲೆಟಿಕ್ಸ್‌ಗೆ ಎದುರಾಗಿ ಅವನ ಅಥ್ಲೆಟಿಕ್ಸ್ ಅಥವಾ ಆಕ್ರೊಬ್ಯಾಟಿಕ್ಸ್. ಗೆದ್ದರೆ ಅವನ ವೇಗ ಸೊನ್ನೆ.

ಆಮೇಲೆ ಕೋಳ. ತಪ್ಪಿಸಿಕೊಳ್ಳಲು ಡೆಕ್ಸ್‌ಟೆರಿಟಿ (ಚುರುಕುತನ) ಚೆಕ್, ಡಿಸಿ 20. ಅಂದರೆ 20 ಮುಖದ ದಾಳದ ಅಂಕಿಗೆ ಪಾತ್ರದ ಬೋನಸ್ ಕೂಡಿಸಿ 20 ಮುಟ್ಟಬೇಕು. ಹುಡುಗನಿಗೆ +3 ಇದ್ದರೆ 17 ಅಥವಾ ಹೆಚ್ಚು ಬೀಳಬೇಕು, ಅಂದರೆ ಶೇ. 20 ಅವಕಾಶ. ಕಡಿಮೆ ಅನ್ನಿಸುತ್ತೆ, ಅಲ್ವಾ? ಈಗ ನಾಲ್ಕು ರಾತ್ರಿ ಲೆಕ್ಕ ಹಾಕಿ. ರಾತ್ರಿಗೆ ಒಂದೇ ಸಲ ಪ್ರಯತ್ನಿಸಿದರೂ ಒಮ್ಮೆಯಾದರೂ ಬಿಚ್ಚಿಕೊಳ್ಳುವ ಸಾಧ್ಯತೆ ಸುಮಾರು ಶೇ. 59. ಅರ್ಧಕ್ಕಿಂತ ಜಾಸ್ತಿ! ಅದಕ್ಕೇ ಪಹರೆ ಬೇಕು, ಪಹರೆಗೆ ಪಾರ್ಟಿ ಬೇಕು. ಠಾಣೇದಾರ ಒಂಟಿಯಾಗಿ ಏನೂ ಮಾಡಲಾರ ಅನ್ನುವುದು ಇಲ್ಲಿ ಅಂಕಿಯಲ್ಲೇ ಕಾಣುತ್ತದೆ.

ಸತ್ಯ ಗೊತ್ತಾದರೆ ಮುಗಿಯಿತಾ?

ಝೋನ್ ಆಫ್ ಟ್ರೂತ್ ಸ್ಪೆಲ್ (ಸುಳ್ಳು ತಡೆಯುವ ಮಂತ್ರ) ಇದ್ದರೆ ವಿಚಾರಣೆಗೆ ಕಷ್ಟವೇ ಇಲ್ಲ ಅಂತ ಕೆಲವರು ಅಂದುಕೊಳ್ಳುತ್ತಾರೆ. ನಿಯಮ ನಿಧಾನವಾಗಿ ಓದಿ. 15 ಅಡಿ ತ್ರಿಜ್ಯ, 10 ನಿಮಿಷ, ಕ್ಯಾರಿಸ್ಮಾ ಸೇವ್ (ಮಂತ್ರವನ್ನು ತಡೆದುಕೊಳ್ಳಲು ಉರುಳಿಸುವ ದಾಳ). ಸೇವ್ ತಪ್ಪಿದವರು ಬೇಕಂತಲೇ ಸುಳ್ಳು ಹೇಳಲಾರರು, ಅಷ್ಟೇ. ಮಾತು ತೇಲಿಸಬಹುದು, ಸುಮ್ಮನಿರಬಹುದು.

ಹುಡುಗನನ್ನು "ಕುದುರೆ ಕದ್ದೆಯಾ?" ಅಂತ ಕೇಳಿದಿರಿ. "ನನ್ನದಲ್ಲದ್ದನ್ನು ನಾನು ಮುಟ್ಟಿಲ್ಲ" ಅಂದ. ಅದು ಸುಳ್ಳಲ್ಲ. ಸಾಲಕ್ಕೆ ಅಂತ ಸಾಹುಕಾರನೊಬ್ಬ ಅವನ ಅಪ್ಪನಿಂದ ಕಿತ್ತುಕೊಂಡ ಕುದುರೆ ಅದು, ಹುಡುಗನ ಮಟ್ಟಿಗೆ ಈಗಲೂ ತನ್ನದೇ. "ಆ ರಾತ್ರಿ ಲಾಯದ ಬಾಗಿಲು ತೆಗೆದವರು ಯಾರು?" ಅಂತ ಕೇಳಿದ್ದರೆ ಬೇರೆ ಉತ್ತರ ಬರುತ್ತಿತ್ತು. ಆದರೂ ನಡೆದದ್ದು ಏನು ಅಂತ ಗೊತ್ತಾಗುತ್ತದೆಯೇ ಹೊರತು ಕುದುರೆ ಯಾರದ್ದು ಅಂತ ಸ್ಪೆಲ್ ಹೇಳುವುದಿಲ್ಲ. ಸಾಲದ ಕಾನೂನು ಸರಿಯಾ ಅಂತಲೂ ಹೇಳುವುದಿಲ್ಲ. ಅಲ್ಲಿಂದ ಮುಂದಿನ ತೀರ್ಮಾನ ನಿಮ್ಮದು. ನನಗೆ ಈ ಪಾತ್ರ ಇಷ್ಟವಾಗುವುದೇ ಈ ಜಾಗದಲ್ಲಿ.

ಪಾರ್ಟಿಯ ಜೊತೆ

ಜೊತೆ ಆಟಗಾರರ ಮೇಲೆ ಪೊಲೀಸ್‌ಗಿರಿ ಬೇಡ. ರೋಗ್ ಜೇಬಿಗೆ ಕೈ ಹಾಕಿದಾಗಲೆಲ್ಲ ನೀವು ಅಡ್ಡ ನಿಂತರೆ ಆ ಆಟಗಾರನ ಖುಷಿ ಹೋಗುತ್ತದೆ. ಅದರ ಬದಲು ಆಟ ಶುರುವಾಗುವ ಮೊದಲೇ ಕೂತು ಮಾತಾಡಿ ಅವರನ್ನು ನಿಮ್ಮ ಸಹಾಯಕರನ್ನಾಗಿ ಮಾಡಿಕೊಳ್ಳಿ. ರೋಗ್‌ನ ಹಳೇ ಅಪರಾಧವೊಂದನ್ನು ಠಾಣೇದಾರ ಬರೆದಿಟ್ಟಿದ್ದಾನೆ, ಮೇಲಕ್ಕೆ ಕಳಿಸಿಲ್ಲ ಅನ್ನಿ. ಇಬ್ಬರಿಗೂ ಒಬ್ಬರ ಮೇಲೊಬ್ಬರಿಗೆ ಹಿಡಿತ ಸಿಗುತ್ತದೆ. ಆ ಕಾಗದ ಎಲ್ಲಿದೆ ಅಂತ ಜಿಎಂಗೆ (ಆಟ ನಡೆಸುವವರಿಗೆ) ಮಾತ್ರ ಹೇಳಿಡಿ.