ಇಕಾಮದ ಮೇಲಿನ ಆ ಹೆಸರು: ಗಲ್ಫ್ ವೀಸಾ ಕೋಟಾ ಬೆಳೆದುಬಂದ ಬಗೆ

ಕೊಡಗಿನ ನಾಪೋಕ್ಲು, ಎಮ್ಮೆಮಾಡು, ಕೊಂಡಂಗೇರಿ, ಸಿದ್ದಾಪುರ ಕಡೆ ಗಲ್ಫ್‌ಗೆ ಹೋದವರ ಮನೆಗಳು ಒತ್ತೊತ್ತಾಗಿವೆ. ಮೊದಲು ಮಂಗಳೂರಿಗೋ ಬೆಂಗಳೂರಿಗೋ ಹೋಗಿ ವಿಮಾನ ಹತ್ತುತ್ತಿದ್ದರು. 2018ರ ಡಿಸೆಂಬರ್‌ನಲ್ಲಿ ಕಣ್ಣೂರು ನಿಲ್ದಾಣ ತೆರೆದ ಮೇಲೆ ವಿರಾಜಪೇಟೆಯಿಂದ ಮಾಕುಟ್ಟದ ಘಾಟಿ ಇಳಿದರೆ ಸಾಕಾಯಿತು. ಹುಡುಗ ಸೌದಿಯಲ್ಲಿ ಇಳಿದ ಕೆಲವು ವಾರಕ್ಕೆ ಮನೆಯವರು ಫೋನಿನಲ್ಲಿ ಕೇಳುವುದು ಒಂದೇ: "ಇಕಾಮ ಆಯ್ತಾ?"

ಇಕಾಮ ಅಂದರೆ ಅಲ್ಲಿ ಇರಲು, ದುಡಿಯಲು ಸರ್ಕಾರ ಕೊಡುವ ಕಾರ್ಡು. ಅದು ಕೈಗೆ ಬರುವ ತನಕ ಬ್ಯಾಂಕ್ ಖಾತೆ ತೆರೆಯುವ ಹಾಗಿಲ್ಲ, ಬೀದಿಯಲ್ಲಿ ಪೊಲೀಸರು ತಡೆದರೆ ತೋರಿಸಲು ಏನೂ ಇರುವುದಿಲ್ಲ. ಕಾರ್ಡಿನ ಮೇಲೆ ಅವನ ಹೆಸರು, ದೇಶ, ಧರ್ಮ, ಕಸುಬು ಇರುತ್ತವೆ. ಜೊತೆಗೆ ಕೆಲಸ ಕೊಟ್ಟವನ ಹೆಸರೂ ಇರುತ್ತದೆ. ನಮ್ಮವರು ಅರ್ಧ ಶತಮಾನದಿಂದ ಗಲ್ಫ್‌ನಲ್ಲಿ ಪಟ್ಟ ಕಷ್ಟದ ಬಹುಪಾಲು ಈ ಕೊನೆಯ ಹೆಸರಿನಿಂದ ಬಂದದ್ದು ಎಂಬುದು ನನ್ನ ಖಚಿತ ಅಭಿಪ್ರಾಯ. ವರ್ಷಕ್ಕೆ ಎಷ್ಟು ಜನ ಬರಬಹುದು ಎಂದು ಲೆಕ್ಕ ಹಾಕುವ ಹಕ್ಕು ಎಲ್ಲ ದೇಶಗಳಿಗೂ ಇದೆ. ಬಂದವನನ್ನು ಒಬ್ಬ ಮಾಲೀಕನಿಗೆ ಕಟ್ಟಿಹಾಕುವ ಹಕ್ಕು ಯಾರಿಗೂ ಇಲ್ಲ.

ಈ ಕಟ್ಟು ಎಣ್ಣೆಗಿಂತ ಹಳೆಯದು. 1920ರ ದಶಕದಲ್ಲಿ ಬಹ್ರೈನ್ ಬ್ರಿಟಿಷರ ಹಿಡಿತದಲ್ಲಿತ್ತು, ಅಲ್ಲಿನ ದೊಡ್ಡ ಉದ್ಯಮ ಮುತ್ತು ತೆಗೆಯುವುದು. ಸಮುದ್ರಕ್ಕೆ ಇಳಿಯಲು ಹೊರಗಿನಿಂದ ಜನ ಬರುತ್ತಿದ್ದರು. ಅವರ ಮೇಲೆ ಕಣ್ಣಿಡಲು ಸಾಕಷ್ಟು ಸಿಬ್ಬಂದಿ ಇಲ್ಲದ ಆಡಳಿತ, ದೋಣಿಯ ನಾಯಕ ನಾಖುದಾನನ್ನೇ ಹೊಣೆ ಮಾಡಿತು. ಪರದೇಶಿಯ ಉಸ್ತುವಾರಿಯನ್ನು ಸರ್ಕಾರ ತನ್ನ ತಲೆಯಿಂದ ಇಳಿಸಿ ಖಾಸಗಿ ವ್ಯಕ್ತಿಯ ತಲೆಗೆ ಹೊರಿಸಿದ ಕ್ರಮ ಅದು. ಕಫಾಲಾ, ಅಂದರೆ ಬಂದವನ ಹೊಣೆಯನ್ನು ಒಬ್ಬ ಮಾಲೀಕನಿಗೆ (ಕಫೀಲನಿಗೆ) ಕಟ್ಟುವ ಪದ್ಧತಿ, ಅದರ ಬೇರು ಅಲ್ಲಿದೆ ಎನ್ನುವ ಇತಿಹಾಸಕಾರರ ಮಾತು ನನಗೆ ಒಪ್ಪಿಗೆಯಾಗುತ್ತದೆ.

ಬಹ್ರೈನ್‌ನಲ್ಲಿ 1932ರಲ್ಲಿ, ಸೌದಿ ಮತ್ತು ಕುವೈತ್‌ನಲ್ಲಿ 1938ರಲ್ಲಿ ಎಣ್ಣೆ ಸಿಕ್ಕಿತು. ಕಂಪನಿಗಳು ಗುಮಾಸ್ತರನ್ನೂ ಮೆಕ್ಯಾನಿಕ್‌ಗಳನ್ನೂ ಮುಂಬಯಿಯಿಂದ ಕರೆಸಿಕೊಂಡವು. ಕುವೈತ್, ಬಹ್ರೈನ್, ಕತಾರ್ ಕಡೆ ಆಗ ನಡೆಯುತ್ತಿದ್ದುದು ನಮ್ಮ ರೂಪಾಯಿಯೇ. 1959ರಲ್ಲಿ ಭಾರತ ಅವರಿಗಾಗಿ ಬೇರೆ ನೋಟನ್ನೇ ಮುದ್ರಿಸಿತು. ಕಾನೂನುಗಳೂ ಅದೇ ಕಾಲದವು: ವಿದೇಶಿಯರ ವಾಸದ ಬಗ್ಗೆ ಸೌದಿ 1952ರಲ್ಲಿ, ಕುವೈತ್ 1959ರಲ್ಲಿ ನಿಯಮ ಮಾಡಿದವು, ಸಂಯುಕ್ತ ಅರಬ್ ಸಂಸ್ಥಾನ 1973ರಲ್ಲಿ. ಅದೇ 1973ರಲ್ಲಿ ಎಣ್ಣೆಯ ಬೆಲೆ ಏರಿ ರಸ್ತೆ, ಬಂದರು, ನಗರಗಳ ಕೆಲಸ ಭರದಿಂದ ಶುರುವಾಯಿತು. ಸ್ವಂತ ಪ್ರಜೆಗಳು ಸಾಲದು, ಬೇಕಾದ ಕೈಗಳು ಬಹಳ. ಜನ ಬಂದು ದುಡಿಯಬೇಕು, ಆದರೆ ನೆಲೆಯೂರಬಾರದು. ಅದಕ್ಕೆ ಕಫೀಲನ ಪದ್ಧತಿ ಹೇಳಿಮಾಡಿಸಿದಂತಿತ್ತು.

ನಮ್ಮ ಸರ್ಕಾರ ಎಚ್ಚೆತ್ತದ್ದು ತಡವಾಗಿ. ಬ್ರಿಟಿಷರು 1922ರಲ್ಲಿ ಮಾಡಿದ ವಲಸೆ ಕಾಯ್ದೆಯಲ್ಲೇ 1983ರವರೆಗೆ ದಿನ ದೂಡಿತು. ಆ ವರ್ಷ ಬಂದ ಹೊಸ ಕಾಯ್ದೆ, ಏಜೆಂಟರು ನೋಂದಣಿ ಮಾಡಿಸಲೇಬೇಕು ಎಂದಿತು. ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟಿಗೆ ಇಸಿಆರ್ (ವಲಸೆ ತಪಾಸಣೆ ಬೇಕು) ಎಂದು ಬೀಳುತ್ತದೆ. ಅಂಥವರು ಗಲ್ಫ್ ಸೇರಿ 18 ದೇಶಗಳಿಗೆ ಕೆಲಸಕ್ಕೆ ಹೋಗಬೇಕಾದರೆ ವಲಸಿಗರ ರಕ್ಷಣಾಧಿಕಾರಿಯ ಒಪ್ಪಿಗೆ ಬೇಕು. ವಿಸಿಟ್ ವೀಸಾದಲ್ಲಿ ಕಳಿಸುವ ಏಜೆಂಟ್ ಈ ಬಾಗಿಲನ್ನೇ ತಪ್ಪಿಸುತ್ತಾನೆ. ಕಾಯ್ದೆಯ ರಕ್ಷಣೆ ಯಾರಿಗೆ ಎಲ್ಲರಿಗಿಂತ ಹೆಚ್ಚು ಬೇಕೋ ಅವರೇ ಅದರ ಹೊರಗೆ ಉಳಿಯುತ್ತಾರೆ.

ಇನ್ನು ಕೋಟಾ. ಅಮೆರಿಕದ ಎಚ್-1ಬಿ ಕೆಲಸದ ವೀಸಾದಲ್ಲಿ ಇಡೀ ದೇಶಕ್ಕೆ ವರ್ಷಕ್ಕೆ 65,000, ಅಲ್ಲೇ ಸ್ನಾತಕೋತ್ತರ ಪದವಿ ಮಾಡಿದವರಿಗೆ ಇನ್ನೂ 20,000 ಎಂದು ಮಿತಿ ಇದೆ, ಲಾಟರಿ ಎತ್ತುತ್ತಾರೆ. ಸೌದಿಯ ಲೆಕ್ಕ ಕಂಪನಿಯಿಂದ ಕಂಪನಿಗೆ ಬೇರೆ. ಇಂಥ ಕಸುಬಿಗೆ, ಇಂಥ ದೇಶದವರು, ಇಷ್ಟು ಮಂದಿ ಎಂದು ಒಬ್ಬ ಮಾಲೀಕನಿಗೆ ವೀಸಾ ಮಂಜೂರಾಗುತ್ತದೆ. ಆ ಮಾಲೀಕನಿಗೆ ಅಷ್ಟು ಆಳು ಬೇಡವೇ ಇರಬಹುದು, ಅಂಗಡಿ ಬರೀ ಕಾಗದದ ಮೇಲೇ ಇರಬಹುದು. ಆಗ ವೀಸಾ ಮಾರಾಟಕ್ಕೆ ಬರುತ್ತದೆ. ಮಧ್ಯವರ್ತಿಯಿಂದ ಮಧ್ಯವರ್ತಿಗೆ ದಾಟಿ, ಪ್ರತಿ ಕೈಯಲ್ಲೂ ಬೆಲೆ ಏರಿ ನಮ್ಮ ಊರಿಗೆ ಬರುವಾಗ, ಬೇಕಾದಲ್ಲಿ ದುಡಿಯಬಹುದು ಎಂಬ ಅರ್ಥದಲ್ಲಿ, ಅದಕ್ಕೆ "ಫ್ರೀ ವೀಸಾ" ಎಂದು ಹೆಸರು. ಒಡವೆ ಅಡವಿಟ್ಟು, ತೋಟದ ಮೇಲೆ ಸಾಲ ಎತ್ತಿ ಅದನ್ನು ಕೊಳ್ಳುತ್ತಾರೆ. ಕಾರ್ಡಿನಲ್ಲಿ ಪ್ಲಂಬರ್, ದುಡಿಯುವುದು ಯಾವುದೋ ಬಕಾಲೆಯ (ದಿನಸಿ ಅಂಗಡಿಯ) ಗಲ್ಲಾದಲ್ಲಿ. ಅಥವಾ ಹೌಸ್ ಡ್ರೈವರ್ ವೀಸಾ, ಕೆಲಸ ಕಫ್ಟೀರಿಯಾದ ಜ್ಯೂಸ್ ಕೌಂಟರ್‌ನಲ್ಲಿ. ಇಕಾಮ ನವೀಕರಿಸುವಾಗಲೆಲ್ಲ ಕಫೀಲ ಕೇಳಿದಷ್ಟು ಕೊಡಬೇಕು. ಕೊಡದಿದ್ದರೆ "ಓಡಿಹೋಗಿದ್ದಾನೆ" ಎಂದು ಕಫೀಲ ದೂರು ಹಾಕುತ್ತಾನೆ. ಅದಕ್ಕೆ ಹುರೂಬ್ ಎನ್ನುತ್ತಾರೆ. ಹಿಂದೆ ಆ ದೂರು ದಾಖಲಾದ ಗಳಿಗೆಯಿಂದಲೇ ನಮ್ಮ ಹುಡುಗ ಅಕ್ರಮ ವಾಸಿಯಾಗುತ್ತಿದ್ದ.

2011ರಲ್ಲಿ ಸೌದಿ ನಿತಾಖಾತ್ ತಂದಿತು. ಸ್ವದೇಶಿಗಳಿಗೆ ಎಷ್ಟು ಕೆಲಸ ಕೊಟ್ಟಿದೆ ಎಂಬುದನ್ನು ನೋಡಿ ಕಂಪನಿಗೆ ಕೆಂಪು, ಹಳದಿ, ಹಸಿರು, ಪ್ಲಾಟಿನಂ ಎಂಬ ದರ್ಜೆ. ಹಸಿರಿನವರಿಗೆ ಹೊಸ ವೀಸಾ ಸಿಗುತ್ತದೆ. ಕೆಂಪಿನವರಿಗೆ ಹೊಸದೂ ಇಲ್ಲ, ಇರುವ ಕಾರ್ಮಿಕರ ಇಕಾಮ ನವೀಕರಣವೂ ಇಲ್ಲ. ತಪ್ಪು ಮಾಲೀಕನದು, ಕಾರ್ಡಿನ ಅವಧಿ ಮುಗಿಯುವುದು ಕಾರ್ಮಿಕನದು. 2013ರ ಏಪ್ರಿಲ್‌ನಿಂದ ನವೆಂಬರ್ 3ರವರೆಗೆ ಕಾಗದ ಸರಿಪಡಿಸಿಕೊಳ್ಳಲು ಅಥವಾ ದಂಡವಿಲ್ಲದೆ ಹೊರಡಲು ಗಡುವು ಕೊಟ್ಟರು. ಒಂದು ಲಕ್ಷಕ್ಕೂ ಹೆಚ್ಚು ಭಾರತೀಯರು ವಾಪಸ್ ಬಂದರು. ನಿತಾಖಾತ್‌ನಲ್ಲಿ ಒಂದು ಒಳ್ಳೆಯ ಅಂಶವೂ ಇತ್ತು, ಅದನ್ನು ಹೇಳಲೇಬೇಕು: ಕೆಂಪು ಕಂಪನಿಯ ಕಾರ್ಮಿಕ ಮಾಲೀಕನ ಒಪ್ಪಿಗೆ ಇಲ್ಲದೆಯೇ ಹಸಿರು ಕಂಪನಿಗೆ ಹೋಗಬಹುದಿತ್ತು. ಕಟ್ಟು ಸಡಿಲಿಸಿದರೆ ಆಕಾಶವೇನೂ ಕಳಚಿಬೀಳುವುದಿಲ್ಲ ಎಂದು ಅಲ್ಲಿನ ಸರ್ಕಾರವೇ ತೋರಿಸಿಕೊಟ್ಟಿತು.

ಆಮೇಲೆ ದುಡ್ಡಿನ ಹೊಡೆತ. 2017ರ ಜುಲೈಯಿಂದ ಜೊತೆಗಿರುವ ಹೆಂಡತಿ, ಮಕ್ಕಳು ಒಬ್ಬೊಬ್ಬರ ಮೇಲೆ ತಿಂಗಳಿಗೆ 100 ರಿಯಾಲ್ ಶುಲ್ಕ, ವರ್ಷಕ್ಕೆ ನೂರರಂತೆ ಏರಿ 2020ಕ್ಕೆ 400. ಹೆಂಡತಿ ಮತ್ತು ಇಬ್ಬರು ಮಕ್ಕಳಿದ್ದರೆ ತಿಂಗಳಿಗೆ 1,200 ರಿಯಾಲ್. ಸಂಸಾರ ಊರಿಗೆ ಕಳಿಸಿ ಮತ್ತೆ ಬ್ಯಾಚುಲರ್ ರೂಮು ಸೇರಿದವರು ಬಹಳ. 2020ರಲ್ಲೇ ಕುವೈತ್ ಸಂಸತ್ತಿನ ಸಮಿತಿಯೊಂದು ಭಾರತೀಯರು ಜನಸಂಖ್ಯೆಯ ಶೇ. 15 ಮೀರಬಾರದು ಎಂಬ ಮಸೂದೆಗೆ ಒಪ್ಪಿಗೆ ಕೊಟ್ಟು ಇಲ್ಲಿಯ ಮನೆಗಳಲ್ಲಿ ದಿಗಿಲು ಹುಟ್ಟಿಸಿತು. ಆ ಮಿತಿ ಜಾರಿಗೆ ಬರಲಿಲ್ಲ.

ಸುಧಾರಣೆ ಬಂದಿಲ್ಲವೆಂದಲ್ಲ. ಕತಾರ್ 2020ರಲ್ಲಿ ಮಾಲೀಕನ ಎನ್‌ಒಸಿ (ಒಪ್ಪಿಗೆ ಪತ್ರ) ಇಲ್ಲದೆ ಕೆಲಸ ಬದಲಿಸಲು ಅವಕಾಶ ಕೊಟ್ಟಿತು. ಸೌದಿ 2021ರ ಮಾರ್ಚ್‌ನಲ್ಲಿ ಹೆಚ್ಚುಕಡಿಮೆ ಅದನ್ನೇ ಮಾಡಿತು, ಮನೆಗೆಲಸದವರನ್ನೂ ಮನೆಯ ಡ್ರೈವರ್‌ಗಳನ್ನೂ ಹೊರಗಿಟ್ಟು. ನಮ್ಮ ಕಡೆಯಿಂದ ಹೌಸ್ ಡ್ರೈವರ್ ವೀಸಾದಲ್ಲಿ ಹೋದವರಿಗೆ ಇದರಿಂದ ಏನೂ ದಕ್ಕಲಿಲ್ಲ. ಕೆಲಸ, ಕಾರ್ಡು, ಮಲಗುವ ಕೋಣೆ ಮೂರೂ ಒಬ್ಬನ ಕೈಯಲ್ಲಿದ್ದರೆ ಕೋಣೆ ಸರಿಯಿಲ್ಲ ಎಂದು ಬಾಯಿಬಿಡುವುದು ಹೇಗೆ? 2024ರ ಜೂನ್ 12ರಂದು ಕುವೈತ್‌ನ ಮಂಗಾಫ್‌ನಲ್ಲಿ ಕಾರ್ಮಿಕರನ್ನು ಇಟ್ಟಿದ್ದ ಕಟ್ಟಡಕ್ಕೆ ಬೆಂಕಿ ಬಿದ್ದು 40ಕ್ಕೂ ಹೆಚ್ಚು ಭಾರತೀಯರು ಸತ್ತರು.

ಇದೇ ಕೊಡಗಿನ ಕಾಫಿ ತೋಟಗಳ ಲೈನ್ ಮನೆಗಳಲ್ಲಿ ಈಗ ಅಸ್ಸಾಮಿನಿಂದ ಬಂದವರಿದ್ದಾರೆ. ಈ ದೇಶದ ಪ್ರಜೆಗಳಾದ ಅವರಿಗೆ ವೀಸಾ ಬೇಡ. ಆದರೂ 2020ರ ಜನವರಿಯಲ್ಲಿ ಪೊಲೀಸರು ತೋಟ ಕಾರ್ಮಿಕರನ್ನು ಸಾವಿರಗಟ್ಟಲೆ ಒಂದೆಡೆ ಸೇರಿಸಿ ದಾಖಲೆ ನೋಡಿದರು. ಪರಿಶೀಲನೆ ಬೇಕಾದೀತು, ಆದರೆ ಯಾವ ಮಾಲೀಕನೂ ಅವರ ಆಧಾರ್ ಕಾರ್ಡು ತನ್ನ ಬೀರುವಿನಲ್ಲಿ ಇಟ್ಟುಕೊಳ್ಳಬಾರದು. ಗಲ್ಫ್‌ನಲ್ಲಿ ಪಾಸ್‌ಪೋರ್ಟನ್ನು ಮಾಲೀಕನ ಕೈಗೆ ಕೊಟ್ಟು ಪರದಾಡಿದವರ ಜಿಲ್ಲೆ ಇದು.

ಈಗ ಹೊರಡುವವರು ಕೆಲವನ್ನು ಕೇಳಿಯೇ ಹೊರಡಬೇಕು. ನೋಂದಾಯಿತ ಏಜೆಂಟ್ ತೆಗೆದುಕೊಳ್ಳಬಹುದಾದ ಸೇವಾ ಶುಲ್ಕ 30,000 ರೂಪಾಯಿ ಮತ್ತು ಜಿಎಸ್‌ಟಿ, ಅದಕ್ಕೆ ರಸೀದಿ ಕೊಡಲೇಬೇಕು. ಏಜೆಂಟನ ಹೆಸರು ಸರ್ಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿದೆಯೇ ಎಂದು ಫೋನಿನಲ್ಲೇ ನೋಡಬಹುದು. ಪ್ರವಾಸಿ ಭಾರತೀಯ ಬಿಮಾ ಯೋಜನೆಯಲ್ಲಿ ಎರಡು ವರ್ಷಕ್ಕೆ 275 ರೂಪಾಯಿ ಕಟ್ಟಿದರೆ 10 ಲಕ್ಷದ ವಿಮೆ ಇದೆ. ಕುವೈತ್‌ಗಾದರೆ ವೀಸಾದ ಮೇಲೆ 18 ಇದೆಯೋ 20 ಇದೆಯೋ ನೋಡಬೇಕು. 18 ಕಂಪನಿಯದು. 20 ಮನೆಗೆಲಸದ ಖಾದಿಮ್ ವೀಸಾ, ಅದರಲ್ಲಿ ಹೋದವರು ಅಂಗಡಿಯಲ್ಲಿ ನಿಂತು ಸಿಕ್ಕಿಬಿದ್ದರೆ ಗಡೀಪಾರು ಆಗುತ್ತಾರೆ.