ಲಿನಕ್ಸ್ ಫೈಲ್ ಎನ್‌ಕ್ರಿಪ್ಷನ್: ಸಿಕ್ಕು ಬಿದ್ದದ್ದು ಹೇಗೆ, ಬಿಡಿಸುತ್ತಿರುವುದು ಹೇಗೆ

2025ರ ಸೆಪ್ಟೆಂಬರ್‌ನಲ್ಲಿ ಬಂದ ಲಿನಕ್ಸ್ 6.17 ಕರ್ನಲ್‌ನಲ್ಲಿ (ಲಿನಕ್ಸ್ ಕಾರ್ಯಾಚರಣೆ ವ್ಯವಸ್ಥೆಯ ತಿರುಳು) ಯಾರ ಗಮನಕ್ಕೂ ಅಷ್ಟಾಗಿ ಬಾರದ ಒಂದು ಬದಲಾವಣೆ ಇತ್ತು. ಫೈಲ್‌ಗಳನ್ನು ಎನ್‌ಕ್ರಿಪ್ಟ್ ಮಾಡುವ, ಅಂದರೆ ಕೀಲಿ ಇಲ್ಲದವರಿಗೆ ಓದಲಾಗದಂತೆ ಬೀಗ ಹಾಕುವ, ಎಫ್‌ಎಸ್‌ಕ್ರಿಪ್ಟ್ ಎಂಬ ಭಾಗ ಇನ್ನು ಮುಂದೆ ಒಂದು ಬಗೆಯ ಹಾರ್ಡ್‌ವೇರ್ ವೇಗವರ್ಧಕಗಳನ್ನು ಮುಟ್ಟುವುದಿಲ್ಲ. ಕಾರಣ ಕೇಳಿದರೆ ಅಚ್ಚರಿಯಾಗುತ್ತದೆ: ವೇಗಕ್ಕೆಂದೇ ಇದ್ದ ಅವು ಪ್ರೊಸೆಸರ್‌ಗಿಂತ ಬಹಳ ನಿಧಾನವಾಗಿದ್ದವು. ಹಾಗಿದ್ದರೆ ಇಷ್ಟು ವರ್ಷ ಅವು ಅಲ್ಲಿ ಏಕಿದ್ದವು?

ಲಿನಕ್ಸ್‌ನಲ್ಲಿ ಇಡೀ ಡಿಸ್ಕಿಗೆ ಬೀಗ ಹಾಕುವ ಡಿಎಂ-ಕ್ರಿಪ್ಟ್ ಬಂದದ್ದು 2004ರಲ್ಲಿ. ಬೇಕಾದ ಫೋಲ್ಡರಿಗಷ್ಟೇ ಬೀಗ ಹಾಕುವ ಇಕ್ರಿಪ್ಟ್‌ಎಫ್‌ಎಸ್ ಬಂದದ್ದು 2006ರಲ್ಲಿ. ಇದು ಇದ್ದ ಫೈಲ್ ಸಿಸ್ಟಂ (ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಡುವ ವ್ಯವಸ್ಥೆ) ಮೇಲೆ ಇನ್ನೊಂದು ಪದರವಾಗಿ ಕೂರುತ್ತಿತ್ತು. ಹಾಗಾಗಿ ಒಂದೇ ಫೈಲು ಮೆಮೊರಿಯಲ್ಲಿ ಎರಡು ಸಲ, ಬೀಗ ಹಾಕಿದ್ದೊಂದು ತೆಗೆದದ್ದೊಂದು, ಜಾಗ ಹಿಡಿಯುತ್ತಿತ್ತು. ಫೈಲ್ ಹೆಸರಿಗೆ ಸಿಗುತ್ತಿದ್ದದ್ದು 143 ಬೈಟ್ ಮಾತ್ರ. ಇಂಗ್ಲಿಷ್ ಹೆಸರಿಗೆ ಅದು ಸಾಕಾಗಬಹುದು. ಕನ್ನಡದಲ್ಲಿ ‘ರಾಷ್ಟ್ರಕೂಟ’ ಎಂಬ ನಾಲ್ಕೇ ಅಕ್ಷರದ ಪದಕ್ಕೆ 30 ಬೈಟ್ ಬೇಕು. ಅಂಥ ಐದು ಪದಗಳ ಹೆಸರಿಟ್ಟರೆ ಹಿಡಿಯುವುದೇ ಇಲ್ಲ. ಮುಂದೆ ಬಂದ ಎಫ್‌ಎಸ್‌ಕ್ರಿಪ್ಟ್ ಪೂರ್ತಿ 255 ಬೈಟ್ ಬಿಟ್ಟುಕೊಟ್ಟಿತು.

ಅದನ್ನು ಹುಟ್ಟಿಸಿದ್ದು ಮೊಬೈಲ್. ಇಡೀ ಡಿಸ್ಕಿಗೆ ಬೀಗವಿದ್ದ ಆಂಡ್ರಾಯ್ಡ್ ಫೋನು ರಾತ್ರಿ ತಾನಾಗಿ ರೀಸ್ಟಾರ್ಟ್ ಆದರೆ, ಪಾಸ್‌ವರ್ಡ್ ಕೊಡುವ ತನಕ ಅಲಾರಂ ಹೊಡೆಯುತ್ತಿರಲಿಲ್ಲ, ಕರೆಯೂ ಬರುತ್ತಿರಲಿಲ್ಲ. ಫೈಲಿಗೊಂದು ಕೀಲಿ ಇದ್ದರೆ ಅಲಾರಂನ ಫೈಲನ್ನು ಮೊದಲು ತೆರೆದು ಫೋಟೊಗಳನ್ನು ಆಮೇಲೆ ತೆರೆಯಬಹುದು. 2015ರಲ್ಲಿ ಎಕ್ಸ್ಟ್4 ಫೈಲ್ ಸಿಸ್ಟಂಗೆ ಈ ಸೌಲಭ್ಯ ಸೇರಿತು, ಅದೇ ವರ್ಷ ಎಫ್2ಎಫ್‌ಎಸ್ ಎಂಬ ಇನ್ನೊಂದು ಫೈಲ್ ಸಿಸ್ಟಂಗೂ ಬಂತು. ಎರಡು ಕಡೆ ಹೆಚ್ಚುಕಡಿಮೆ ಒಂದೇ ಕೋಡ್. 2016ರ 4.6 ಆವೃತ್ತಿಯಲ್ಲಿ ಅದನ್ನು ಒಂದೇ ಜಾಗಕ್ಕೆ ತಂದರು. ಸಿಕ್ಕು ಬಿಡಿಸುವ ಕೆಲಸ ಶುರುವಾದದ್ದು ಅಲ್ಲಿಂದ ಎನ್ನಬೇಕು.

ಆ ಮೊದಲ ವಿನ್ಯಾಸದಲ್ಲಿ ದೊಡ್ಡ ಕೊರತೆಗಳಿದ್ದವು. ಮುಖ್ಯ ಕೀಲಿಯಿಂದ ಪ್ರತಿ ಫೈಲಿನ ಕೀಲಿಯನ್ನು ತಯಾರಿಸುವ ವಿಧಾನವನ್ನು ತಿರುಗಿಸಿ ನಡೆಸಬಹುದಿತ್ತು. ಒಂದು ಕೋಣೆಯ ಕೀಲಿ ಸಿಕ್ಕವನು ಹೆಬ್ಬಾಗಿಲಿನ ಕೀಲಿಯನ್ನೇ ಲೆಕ್ಕ ಹಾಕಿ ತೆಗೆಯಬಲ್ಲ. ಕೀಲಿ ಇರುತ್ತಿದ್ದದ್ದು ಪ್ರತಿ ಪ್ರೋಗ್ರಾಮಿನ ಸ್ವಂತ ಕೀಲಿಗೊಂಚಲಿನಲ್ಲಿ. ಹಾಗಾಗಿ ಒಂದು ಪ್ರೋಗ್ರಾಮಿಗೆ ತೆರೆದುಕೊಂಡ ಫೈಲು ಪಕ್ಕದ ಪ್ರೋಗ್ರಾಮಿಗೆ ‘ಕೀಲಿ ಇಲ್ಲ’ ಎನ್ನುತ್ತಿತ್ತು. 2019ರ 5.4ರಲ್ಲಿ ಬಂದ ಎರಡನೇ ನೀತಿ (ಫೋಲ್ಡರಿಗೆ ಬೀಗ ಹಾಕುವ ನಿಯಮಗಳ ಎರಡನೇ ಆವೃತ್ತಿ) ಇವೆರಡನ್ನೂ ಸರಿಪಡಿಸಿತು: ಕೀಲಿ ಈಗ ಫೈಲ್ ಸಿಸ್ಟಂಗೆ ಸೇರಿದ್ದು, ಹಿಂತಿರುಗಿಸಲಾಗದ ವಿಧಾನದಿಂದ ತಯಾರಾದದ್ದು.

ಇನ್ನು ವೇಗವರ್ಧಕಗಳ ವಿಷಯ. ಇವುಗಳಲ್ಲಿ ಎರಡು ಜಾತಿ. ಫೋನಿನ ಮೆಮೊರಿಗೂ ಸ್ಟೋರೇಜಿಗೂ ನಡುವಿನ ದಾರಿಯಲ್ಲೇ ಕೂತು, ಹಾದುಹೋಗುವ ಡೇಟಾಗೆ ಬೀಗ ಹಾಕುವುದು ಒಂದು. ಅದು ಚೆನ್ನಾಗಿದೆ, ಈಗಲೂ ಇದೆ. ಇನ್ನೊಂದು ದೂರದಲ್ಲಿ ಕೂತಿರುವುದು. ಡೇಟಾವನ್ನು ಅಲ್ಲಿಗೆ ಕಳಿಸಬೇಕು, ಮುಗಿಯಿತೆಂಬ ಸೂಚನೆಗೆ ಕಾಯಬೇಕು, ವಾಪಸ್ ತರಬೇಕು. ಕಾಳು ಮೆಣಸು ಪುಡಿ ಮಾಡಲು ಊರಾಚೆಯ ಗಿರಣಿಗೆ ಹೋದ ಹಾಗೆ. ಎಫ್‌ಎಸ್‌ಕ್ರಿಪ್ಟ್ ಒಂದು ಸಲಕ್ಕೆ ಸಾಮಾನ್ಯವಾಗಿ 4096 ಬೈಟ್ ಕಳಿಸಿ, ಮುಗಿಯುವವರೆಗೆ ಸುಮ್ಮನೆ ಕಾಯುತ್ತಿತ್ತು. ಇತ್ತ ಪ್ರೊಸೆಸರ್‌ಗಳಿಗೇ ಎಇಎಸ್ ಎಂಬ ಎನ್‌ಕ್ರಿಪ್ಷನ್ ವಿಧಾನವನ್ನು ನೇರವಾಗಿ ನಡೆಸುವ ಸೂಚನೆಗಳು ಬಂದು ಕಾಲವಾಗಿತ್ತು. ಇಂಟೆಲ್ ಚಿಪ್‌ಗಳಲ್ಲಿ 2010ರಿಂದ ಇವೆ. ಆದರೂ ಎನ್‌ಕ್ರಿಪ್ಷನ್ ಕೆಲಸವನ್ನು ಯಾರಿಗೆ ಒಪ್ಪಿಸಬೇಕೆಂದು ಆರಿಸುವ ಕರ್ನಲ್‌ನ ಸಾರ್ವತ್ರಿಕ ಕ್ರಿಪ್ಟೊ ಚೌಕಟ್ಟು ಬಹಳ ಸಲ ದೂರದ ಯಂತ್ರಕ್ಕೇ ಮೊದಲ ಮಣೆ ಹಾಕುತ್ತಿತ್ತು. ಮೇಲಾಗಿ ಅವುಗಳನ್ನು ನಡೆಸುವ ಡ್ರೈವರ್ ಕೋಡ್‌ನಲ್ಲಿ ದೋಷ ಹೆಚ್ಚು. ನಿಧಾನವನ್ನಾದರೂ ಸಹಿಸಬಹುದು, ಎನ್‌ಕ್ರಿಪ್ಷನ್ ತಪ್ಪಾದರೆ ಕುಟುಂಬದ ಫೋಟೊಗಳೆಲ್ಲ ಮರಳಿ ಬಾರದ ಕಸ.

ಆ ದೂರದ ಯಂತ್ರಗಳನ್ನು ಕೈಬಿಟ್ಟ ಕೂಡಲೇ ಇನ್ನೊಂದು ಗಂಟೂ ಸಡಿಲವಾಯಿತು. ಅವುಗಳಿಗೂ ಅವಕಾಶ ಇಡಬೇಕಾಗಿದ್ದರಿಂದ ಪ್ರತಿ ಕೋರಿಕೆಗೂ ಹೀಪ್‌ನಿಂದ (ಕೇಳಿದಾಗ ಹಂಚುವ ಮೆಮೊರಿ ರಾಶಿ) ಮೆಮೊರಿ ಪಡೆಯಬೇಕಿತ್ತು. ಮೆಮೊರಿ ಖಾಲಿಯಾದಾಗಲೇ ಕರ್ನಲ್ ಮೆಮೊರಿಯ ತುಂಡುಗಳಾದ ಪುಟಗಳನ್ನು ಡಿಸ್ಕಿಗೆ ಬರೆದು ಜಾಗ ಮಾಡಿಕೊಳ್ಳುವುದು. ಆ ಬರೆಯುವ ಕೆಲಸಕ್ಕೇ ಮೆಮೊರಿ ಬೇಕೆಂದರೆ ಗತಿಯೇನು? ಈಗ ಕೋರಿಕೆ ಸ್ಟ್ಯಾಕ್ ಮೇಲೆಯೇ, ಅಂದರೆ ಕೇಳದೆಯೇ ಸಿದ್ಧವಿರುವ ಮೆಮೊರಿಯಲ್ಲೇ, ಇರುತ್ತದೆ. ವಿಫಲವಾಗಬಹುದಾದ ಒಂದು ಹೆಜ್ಜೆ ಪೂರ್ತಿ ಅಳಿಸಿಹೋಯಿತು, ಫೈಲ್ ಹೆಸರುಗಳ ಕೆಲಸ ಚುರುಕಾಯಿತು. ಮುಂದಿನ 6.18ರಲ್ಲಿ ಕೀಲಿ ತಯಾರಿಕೆಯೂ ಆ ಸಾರ್ವತ್ರಿಕ ಕ್ರಿಪ್ಟೊ ಚೌಕಟ್ಟನ್ನು ದಾಟಿ, ಸಿದ್ಧ ಕೋಡ್ ಅನ್ನು ನೇರವಾಗಿ ಬಳಸುವ ಲೈಬ್ರರಿ ಕರೆಯಾಯಿತು. ಎನ್‌ಕ್ರಿಪ್ಷನ್ ಬೇಡದ ಫೈಲ್ ಸಿಸ್ಟಂಗಳ ಇನೋಡ್‌ಗಳೂ (ಪ್ರತಿ ಫೈಲಿನ ವಿವರದ ದಾಖಲೆಗಳು) ಹೊರುತ್ತಿದ್ದ 8 ಬೈಟ್‌ಗಳ ಪಾಯಿಂಟರನ್ನು (ಮೆಮೊರಿ ವಿಳಾಸ) ಅಲ್ಲಿಂದ ತೆಗೆದರು. ಭದ್ರತೆಯ ಕೋಡ್‌ನಲ್ಲಿ ಓದಿ ಅರ್ಥಮಾಡಿಕೊಳ್ಳಬೇಕಾದ ಸಾಲು ಕಡಿಮೆಯಾದಷ್ಟೂ ತಪ್ಪು ಅಡಗುವ ಮೂಲೆಗಳು ಕಡಿಮೆ. ಹೊಸ ಸೌಲಭ್ಯ ಸೇರಿಸುವವರಿಗೆ ಸಿಗುವ ಚಪ್ಪಾಳೆ ಹೀಗೆ ಅಳಿಸುವವರಿಗೂ ಸಿಗಬೇಕಿತ್ತು.

ಆದರೆ ಎಲ್ಲವನ್ನೂ ಅಳಿಸಲಾಗದು. ಸ್ಪೆಕ್ ಎಂಬ ಸೈಫರ್ (ಎನ್‌ಕ್ರಿಪ್ಷನ್ ವಿಧಾನ) ಬಳಕೆದಾರರೇ ಇಲ್ಲದ್ದರಿಂದ 2018ರಲ್ಲಿ ಬಂದು ಅದೇ ವರ್ಷ ಹೊರಟುಹೋಯಿತು. ಮೊದಲ ನೀತಿಯ ಮಾತು ಬೇರೆ: ಆ ವಿಧಾನದಲ್ಲಿ ಬರೆದ ಫೈಲುಗಳು ಡಿಸ್ಕುಗಳ ಮೇಲೆ ಕೂತಿವೆ. ಹೊಸ ನೀತಿಯನ್ನು ಖಾಲಿ ಫೋಲ್ಡರಿಗೆ ಮಾತ್ರ ಹಚ್ಚಬಹುದು, ಇದ್ದಲ್ಲೇ ಬದಲಿಸುವ ದಾರಿಯಿಲ್ಲ. ಹೊಸ ಫೋಲ್ಡರ್ ಮಾಡಿ, ಒಂದೊಂದಾಗಿ ನಕಲಿಸಿ, ಹಳೆಯದನ್ನು ಅಳಿಸಬೇಕು. ಅದು ಬಳಕೆದಾರರೇ ಮಾಡಬೇಕಾದ ಕೆಲಸ. ಅವರು ಮಾಡುವ ತನಕ, ದೌರ್ಬಲ್ಯ ಗೊತ್ತಿದ್ದೂ, ಆ ಹಳೆಯ ಕೋಡ್ ಕರ್ನಲ್‌ನಲ್ಲೇ ಇರಬೇಕು.